ಐದನೆಯ ಕಾಲು

ತೊರೆಹುಂಡಿಯ ದೇವರು ತಾನಾಗಿ ನಡೆಯುವುದಿಲ್ಲ. ಎಂಟು ಜನ ಹೊರುತ್ತಾರೆ. ಆ ಎಂಟೂ ಜನ ವರ್ಷಕ್ಕೊಂದು ಸಲ ಚಿಕ್ಕಮಾದುವಿನ ಹೊಟ್ಟೆಯ ಮೇಲೆ ಕಾಲಿಟ್ಟು ದಾಟುತ್ತಾರೆ.

ಕೆರೆ ಏರಿಯ ಮೇಲೆ, ತೂಬಿಗೆ ನೇರವಾಗಿ, ಚಿಕ್ಕಮಾದು ಅಂಗಾತ ಮಲಗಬೇಕು. ಮೈಗೆ ಇದ್ದಿಲ ಮಸಿ. ಸೊಂಟಕ್ಕೆ ಕರಿ ಪಂಚೆ. ಬಾಯಿ ತುಂಬ ಕೆರೆಯ ನೀರು. ಪಲ್ಲಕ್ಕಿಯನ್ನು ಕಟ್ಟೆಯ ಮೇಲೆ ಇಳಿಸಿ ಎಂಟು ಜನ ಸಾಲಾಗಿ ಬರುತ್ತಾರೆ. ಒಬ್ಬೊಬ್ಬರೂ ಬಲಗಾಲನ್ನು ಹೊಟ್ಟೆಯ ಮೇಲೆ ಊರಿ, ಮೈಭಾರ ಬಿಟ್ಟು ಆಚೆಗೆ ದಾಟುತ್ತಾರೆ. ಎಂಟನೆಯವನು ತುಳಿದಾಗ ಬಾಯಲ್ಲಿದ್ದ ನೀರನ್ನು ತೂಬಿನ ಕಡೆಗೆ ಉಗುಳಬೇಕು. ಊರು "ಕೆರೆ ಬಂತೋ" ಎಂದು ಕೂಗುತ್ತದೆ. ತೂಬು ಎತ್ತುತ್ತಾರೆ. ಮೇಲ್ಬೀದಿಯವರ ಗದ್ದೆಗೆ ನೀರು ಹರಿಯುತ್ತದೆ.

ಇದಕ್ಕೊಂದು ಪುರಾಣವಿದೆ. ಒಬ್ಬ ರಕ್ಕಸ ಕೆರೆಯನ್ನೇ ಕುಡಿದನಂತೆ. ಊರು ಬಾಯಾರಿ ಸಾಯುತ್ತಿತ್ತಂತೆ. ಕೆರೆಯೊಡೆಯ ಸ್ವಾಮಿ ಬಂದು ರಕ್ಕಸನ ಹೊಟ್ಟೆ ತುಳಿದನಂತೆ. ನೀರು ಬಂತಂತೆ. ಸಾಯುವ ಮೊದಲು ರಕ್ಕಸ ಒಂದು ವರ ಬೇಡಿದನಂತೆ. ವರ್ಷಕ್ಕೊಮ್ಮೆ ನಿನ್ನ ಪಾದ ನನ್ನ ಕುಲದವರ ಮೇಲೆ ಬೀಳಲಿ ಎಂದನಂತೆ. ಆ ಕುಲ ಯಾವುದು ಎಂದು ತೊರೆಹುಂಡಿಯಲ್ಲಿ ಯಾರೂ ಕೇಳಬೇಕಾಗಿಲ್ಲ. ಕೆಳಗಲ ಕೇರಿಯಲ್ಲಿ ಎರಡನೆಯ ಮನೆ. ಶಾಲೆಯಲ್ಲಿ ಹಾಜರಿ ಕೂಗುವಾಗ ಮೇಷ್ಟ್ರೇ ಕೂಗುತ್ತಿದ್ದರು. "ರಕ್ಕಸನ ಮನೆ ರೋಜಾ."

"ಹಾಜರ್ ಸಾ" ಎನ್ನುತ್ತಿದ್ದಳು ರೋಜಾ.

ಚಿಕ್ಕಮಾದುವಿನ ಮಗಳು ರೋಜಾಗೆ ಈಗ ಮೂವತ್ತಾರು. ನಂಜನಗೂಡಿನ ಒಂದು ಗಾರ್ಮೆಂಟ್ಸಿನಲ್ಲಿ ಚೆಕ್ಕರ್. ಹೊಲಿದು ಬಂದ ಶರ್ಟನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಕಲೆ ಹುಡುಕುವುದು ಅವಳ ಕೆಲಸ. ಎಣ್ಣೆ ಕಲೆ, ಬೆವರ ಕಲೆ, ಸೂಜಿ ಚುಚ್ಚಿದ ರಕ್ತದ ಕಲೆ. ಕಂಡಲ್ಲಿ ಬಾಣದ ಗುರುತಿನ ಪುಟ್ಟ ಕೆಂಪು ಸ್ಟಿಕ್ಕರ್ ಅಂಟಿಸಬೇಕು. ಬಾಣ ಬಿದ್ದ ಪೀಸು ಹಿಂದಕ್ಕೆ ಹೋಗುತ್ತದೆ. ಒಂಬತ್ತು ಗಂಟೆ ನಿಂತೇ ಇರಬೇಕು. ಕಾಲಿನ ನರ ಉಬ್ಬಿ ಹಸಿರು ಬಳ್ಳಿಯಾಗಿದ್ದವು. "ಕಲೆ ನೋಡದ್ರಲ್ಲಿ ರೋಜನ್ನ ಬಿಟ್ರಿಲ್ಲ" ಎನ್ನುತ್ತಿದ್ದ ಸೂಪರ್‌ವೈಸರ್. ಊಟದ ಅರ್ಧ ಗಂಟೆಯಲ್ಲಿ ದಿನದ ಪೀಸಿನ ಲೆಕ್ಕ ಬರೆದ ಟಾರ್ಗೆಟ್ ಚೀಟಿಗಳ ಬೆನ್ನಿಗೆ ಅವಳು ಕಥೆ ಬರೆಯುತ್ತಿದ್ದಳು. ಮನೆಯಲ್ಲಿ ಎರಡು ಮಕ್ಕಳು. ಗಂಡ ಲಾರಿ ಹತ್ತಿದರೆ ಹದಿನೈದು ದಿನ ಬರುತ್ತಿರಲಿಲ್ಲ. ಬೇರೆ ಹೊತ್ತು ಅವಳಿಗೆ ಎಲ್ಲಿತ್ತು?

ಹೋದ ವರ್ಷ ಏಳನೆಯವನು ತುಳಿದಾಗ ಚಿಕ್ಕಮಾದುವಿನ ಬಲ ಪಕ್ಕೆಯಲ್ಲಿ ಲಟಕ್ಕೆಂದಿತು. ಎರಡು ಎಲುಬು ಮುರಿದಿದ್ದವು. ಅಪ್ಪನಿಗೆ ಆಗದಿದ್ದರೆ ಮಗ ಮಲಗಬೇಕು. ಅದು ಕಟ್ಟಳೆ. ಮಗ ಮಾದೇಶ್ ಗೂಡ್ಸ್ ಆಟೋ ಓಡಿಸುವವನು. "ನಾನ್ ಮನಿಕ್ಕೊಳಕಿಲ್ಲ" ಎಂದ. ಆ ಮನೆಯಲ್ಲಿ ಆ ಮಾತನ್ನು ಯಾರಾದರೂ ಆಡಿದ್ದು ಅದೇ ಮೊದಲು.

ರೋಜಾಗೆ ಅದೇ ಸಾಕಾಯಿತು. ತಮ್ಮ ಮಲಗಬಾರದು. ಅದಕ್ಕಾಗಿ ಅವಳು ಎರಡು ಕೆಲಸ ಮಾಡಿದಳು. ತಾಲೂಕಿಗೆ ಒಂದು ಅರ್ಜಿ ಬರೆದಳು. ಒಂದು ಕಥೆಯನ್ನೂ ಬರೆದಳು.

ಕಥೆಗೆ ದಾರಿಯಾದದ್ದು ತಿ. ನರಸೀಪುರದ ಕಮ್ಮಟ. ಸಂಗಮದ ಹತ್ತಿರದ ಛತ್ರದಲ್ಲಿ ಒಂದು ಕಥಾ ಬಳಗದವರು ಎರಡು ದಿನ ನಡೆಸಿದರು. ಪುರಾಣದಿಂದ ಸಣ್ಣಕಥೆ ಬರೆಯುವುದು ಹೇಗೆ ಎಂದು ಹೇಳಿಕೊಡುತ್ತಾರಂತೆ. ಹತ್ತು ಕಥೆ ಆರಿಸಿ ಪುಸ್ತಕ ಮಾಡುತ್ತಾರಂತೆ. ರೋಜಾ ಎರಡು ದಿನ ರಜೆ ಕೇಳಿ ಬೈಸಿಕೊಂಡು, ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಸುತ್ತೂರಿನ ಮೇಲೆ ಹೋಗುವ ಬಸ್ಸು ಹತ್ತಿದಳು.

ಹೇಳಿಕೊಡುವವರು ಚಂದ್ರಶೇಖರ್. ರಿಟೈರಾದ ಕನ್ನಡ ಲೆಕ್ಚರರು. ಒಳ್ಳೆಯವರು. ಊಟಕ್ಕೆ ಅವಳ ಪಕ್ಕದಲ್ಲೇ ಕೂತರು. ತಾವೇ ಸಾರು ಬಡಿಸಿದರು. ಯಾವ ಕೇರಿ ಎಂದು ಕೇಳಲಿಲ್ಲ. ಅವಳೇ ಹೇಳಿದಾಗ ಮುಖ ತಿರುವಲಿಲ್ಲ.

"ಪುರಾಣದಿಂದ ಕಥೆ ಮಾಡೋದು ಅಂದರೆ ಪುರಾಣವನ್ನ ಇನ್ನೊಂದು ಸಲ ಹೇಳೋದಲ್ಲ. ಅದರೊಳಗೆ ಯಾರ ಮಾತು ಕೇಳಿಸ್ತಾ ಇಲ್ಲವೋ ಅವರ ಪಕ್ಕದಲ್ಲಿ ಹೋಗಿ ಕೂತ್ಕೊಳ್ಳೋದು" ಎಂದರು ಮೊದಲ ದಿನ.

ರೋಜಾ ಆ ಮಾತನ್ನು ಟಾರ್ಗೆಟ್ ಚೀಟಿಯ ಬೆನ್ನಿಗೆ ಬರೆದುಕೊಂಡಳು. ಅವಳು ಮೂವತ್ತಾರು ವರ್ಷದಿಂದ ಅದೇ ಪಕ್ಕದಲ್ಲಿ ಕೂತಿದ್ದಳಲ್ಲ.

ಅವಳಜ್ಜಿ ಹೇಳುತ್ತಿದ್ದ ಕಥೆ ಬೇರೆಯೇ ಇತ್ತು. ಆ ರಕ್ಕಸ ರಕ್ಕಸನಲ್ಲ. ನೀರಗಂಟಿ. ತೂಬು ಎತ್ತುವುದು, ಇಳಿಸುವುದು, ಗದ್ದೆಗದ್ದೆಗೆ ನೀರು ತಿರುಗಿಸುವುದು ಅವನ ಕೆಲಸ. ಒಂದು ಸಲ ತೂಬು ಕಚ್ಚಿಕೊಂಡಿತು. ಕೆರೆ ತುಂಬಿತ್ತು. ಮೇಲ್ಬೀದಿಯವರು ಮುಳುಗು ಅಂದರು. ಮುಳುಗಿದ. ತೂಬಿನ ಬೆಣೆ ಎತ್ತುವಾಗ ಕಾಲು ಸಿಕ್ಕಿಕೊಂಡಿತು. ಹಗ್ಗ ಹಿಡಿದು ಎಳೆದಾಗ ಹೊಟ್ಟೆ ತುಂಬ ನೀರು, ಆದರೂ ಜೀವ ಇತ್ತು. ಹೊಟ್ಟೆ ಒತ್ತಿ ನೀರು ತೆಗೆಯಬೇಕು. ಏರಿ ಮೇಲೆ ಎಂಟು ಜನ ನಿಂತಿದ್ದರು. ಅವನನ್ನು ಕೈಯಲ್ಲಿ ಮುಟ್ಟುವ ಹಾಗಿಲ್ಲ. ಕಾಲಲ್ಲಿ ಒತ್ತಿದರು. ಎಂಟು ಜನವೂ ಒತ್ತಿದರು. ನೀರು ಬಂತು. ಜೀವವೂ ಬಂತು, ಅದರ ಜೊತೆಯಲ್ಲೇ ಆಚೆಗೆ. ಆಮೇಲೆ ಅವನ ದೆವ್ವಕ್ಕೆ ಹೆದರಿ ಅವನನ್ನೇ ರಕ್ಕಸನನ್ನಾಗಿ ಮಾಡಿದರು. ತುಳಿದವರು ದೇವರನ್ನು ಹೊರುವವರಾದರು.

"ನಮ್ಮಜ್ಜ ಕೆರೆ ಕುಡುದ್ದು ದಿಟವೇ ಕಣ್ ಕೂಸು. ಕುಡುಸ್ದೋರ್ಯಾರು ಅಂತ ಕೇಳು" ಎನ್ನುತ್ತಿದ್ದಳು ಅಜ್ಜಿ.

ರೋಜಾ ಅದನ್ನೇ ಬರೆದಳು. 'ಕೆರೆ ಕುಡಿದವನು' ಎಂದು ಹೆಸರಿಟ್ಟಳು. ನೀರಗಂಟಿಯಿಂದ ಹಿಡಿದು ತನ್ನ ಅಪ್ಪನ ತನಕ ಬರೆದಳು. ಎಂಟು ಜನರ ಹೆಸರು ಬರೆದಳು. ಎಕ್ಸ್‌ರೇ ಬರೆದಳು. ತಮ್ಮ "ಮನಿಕ್ಕೊಳಕಿಲ್ಲ" ಅಂದಲ್ಲಿಗೆ ನಿಲ್ಲಿಸಿದಳು.

ಎರಡನೆಯ ದಿನ ಮಧ್ಯಾಹ್ನ ಚಂದ್ರಶೇಖರ್ ಛತ್ರದ ಮೆಟ್ಟಿಲ ಮೇಲೆ ಕೂತು ಅವಳ ಕಥೆ ಓದಿದರು. ಎದುರಿಗೆ ಹೊಳೆ. ಒಂದು ಕಡೆ ಪೆನ್ನು ನಿಲ್ಲಿಸಿ ಗಟ್ಟಿಯಾಗಿ ಓದಿದರು.

"'ಮಲಗುವ ಮೊದಲು ಹೆಂಡತಿ ಒಂದು ಬಿಂದಿಗೆ ನೀರನ್ನು ಅವನ ಸೊಂಟದ ಮೇಲೆ ಸುರಿಯುತ್ತಾಳೆ. ಕೆರೆ ಯಾರದೋ ಆದ ಊರಿನಲ್ಲಿ ಅವನಿಗೆ ನೀರು ಕೊಡುವವಳು ಅವಳೊಬ್ಬಳೇ.' ಆಹಾ. ಎಂಥಾ ಪ್ರತಿಮೆ ರೋಜಾ ಅವರೇ! ಇದು ನಿಜವಾಗಲೂ ನಡೆಯೋದಾ?"

"ಊ ಸಾ. ಪ್ರತಿ ವರ್ಷ ನಮ್ಮವ್ವ ಉಯ್ತದೆ. ಮಡಿ ಮಾಡೋಕೆ."

"ಅದ್ಭುತ." ಅಡಿಗೆರೆ ಎಳೆದರು. ಆಮೇಲೆ ಉಳಿದದ್ದನ್ನು ಹೊಡೆಯುತ್ತ ಹೋದರು. ಎಕ್ಸ್‌ರೇ ಹೋಯಿತು. ಮೇಲ್ಬೀದಿ ಹೋಯಿತು. "ಈ ಎಂಟು ಹೆಸರು ಬೇಡ. ಎಂಟು ಪಾದ ಅಂತಿರಲಿ. ಆಗ ಯಾವ ಊರಿಗಾದರೂ ಒಪ್ಪುತ್ತೆ. ಸೋಮನಾಥಪುರದಲ್ಲಿ ನೋಡಿದ್ದೀರಲ್ಲ, ಶಿಲ್ಪಿ ಏನು ಮಾಡಿದ? ಬೇಡದ ಕಲ್ಲು ತೆಗೆದ. ಅಷ್ಟೇ."

ತೆಗೆದ ಕಲ್ಲಿನ ಚೂರು ಯಾರ ಕಾಲಿಗೆ ಚುಚ್ಚಿತೋ ಎಂದುಕೊಂಡಳು ರೋಜಾ.

"ಕೊನೆ ಮಾತ್ರ ಆಗಿಲ್ಲ" ಎಂದರು ಚಂದ್ರಶೇಖರ್. "ಕೋಪಿಸ್ಕೋಬೇಡಿ. ಇದು ಅರ್ಜಿ ಆಯ್ತು, ಕಥೆ ಆಗಲಿಲ್ಲ. ಪುರಾಣವನ್ನ ಒಡೀಬೇಕು, ಸರಿ. ಒಡೆದ ಮೇಲೆ ಏನಾದರೂ ಕಟ್ಟಬೇಕಲ್ಲ. ಆ ಎಂಟನೇ ಪಾದ ಬೀಳೋ ಹೊತ್ತಿಗೆ ಅವನೊಳಗೆ ಏನೋ ಒಂದು ಬಿಡುಗಡೆ. ತುಳಿಯೋ ಪಾದವನ್ನೇ ಅವನು ಗೆದ್ದುಬಿಡ್ತಾನೆ. ಪಾದ ಹಗುರ ಆಗುತ್ತೆ. ಒಂದೆರಡು ವಾಕ್ಯ ಸಾಕು."

"ಅಂಗಾಗಕಿಲ್ಲ ಸಾ."

"ಯಾಕೆ?"

"ಅಗುರ ಇರಕಿಲ್ಲ ಸಾ ಅದು."

"ನಿಮಗೆ ಹೇಗೆ ಗೊತ್ತು? ನೀವು ಮಲಗಿದ್ದೀರಾ?" ಅವರ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು. "ನಿಮ್ಮ ತಂದೆಯವರನ್ನ ಕೇಳಿದ್ದೀರಾ?"

ಕೇಳಿರಲಿಲ್ಲ.

ಪ್ರತಿ ವರ್ಷ ಹಬ್ಬದ ದಿನ ಅಪ್ಪ ಏರಿಯಿಂದ ಎದ್ದು ನೇರ ಕಾಲುವೆಗೆ ಹೋಗಿ ಮೈ ತೊಳೆದು ಬರುತ್ತಿದ್ದ. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಸಂಜೆ ತನಕ ಮಲಗುತ್ತಿದ್ದ. ಅವ್ವ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಆ ಮನೆಯಲ್ಲಿ ಆ ಮಾತು ಎತ್ತುವ ವಾಡಿಕೆ ಇರಲಿಲ್ಲ. ಮೂವತ್ತಾರು ವರ್ಷ. ಅವಳು ಕೇಳಿಯೇ ಇರಲಿಲ್ಲ.

"ಗೊತ್ತಿಲ್ಲದ ಕಡೆ ಕಲ್ಪನೆ ಕೆಲಸ ಮಾಡಬೇಕು" ಎಂದರು ಚಂದ್ರಶೇಖರ್.

ಐದೂವರೆಗೆ ನಂಜನಗೂಡಿನ ಕೊನೆ ಬಸ್ಸು. ಪಕ್ಕದ ಮನೆಯವಳು ಎರಡು ಸಲ ಫೋನ್ ಮಾಡಿದ್ದಳು. ಮಾರನೆಯ ದಿನ ಮೊದಲ ಶಿಫ್ಟು. ಬೆನ್ನು ಸೀಳಿ ಹೋಗುತ್ತಿತ್ತು. ಚಂದ್ರಶೇಖರ್ ಪೆನ್ನು ಹಿಡಿದು ಕಾಯುತ್ತಿದ್ದರು. ಅವಳು ನಿಂತುಕೊಂಡೇ ಬರೆದಳು. 'ಎಂಟನೆಯ ಪಾದ ಹೂವಿನಷ್ಟು ಹಗುರವಾಗಿತ್ತು. ಅವನು ಕಣ್ಣು ಮುಚ್ಚಿದ. ಇಷ್ಟು ವರ್ಷ ಅವನು ಕಾದದ್ದು ಇದಕ್ಕೇ.'

"ಈಗ ಕಥೆ ಆಯ್ತು" ಎಂದರು ಚಂದ್ರಶೇಖರ್. ಅವರ ಕಣ್ಣು ಒದ್ದೆಯಾಗಿತ್ತು.

ಮೂರು ತಿಂಗಳಿಗೆ ಪುಸ್ತಕ ಬಂತು. ಐನೂರು ಪ್ರತಿ. ಬೆನ್ನಿಗೆ ಹತ್ತು ಜನರ ಫೋಟೋ. ಕೆಳಗಿನ ಸಾಲಿನಲ್ಲಿ ರೋಜಾ. ಭಾನುವಾರ ಊರಿಗೆ ತಂದು ಅಪ್ಪನಿಗೂ ಅವ್ವನಿಗೂ ಓದಿ ಹೇಳಿದಳು. ಅವ್ವ ಮಹದೇವಮ್ಮ ಫೋಟೋದ ಮೇಲೆ ಬೆರಳಾಡಿಸಿ "ನನ್ ಮಗಳ್ ಮೂಗ್ ಸೊಟ್ಟ ತಗುದವ್ರೆ" ಎಂದು ನಕ್ಕಳು. ಅಜ್ಜಿಯ ಕಥೆ ಬಂದಾಗ ಚಿಕ್ಕಮಾದು ತಲೆ ತೂಗಿದ. ಬಿಂದಿಗೆಯ ಮಾತು ಬಂತು. ಮಹದೇವಮ್ಮ ದಡಕ್ಕನೆ ಎದ್ದು ಒಲೆಯ ಹತ್ತಿರ ಹೋದಳು. ಒಲೆಯಲ್ಲಿ ಏನೂ ಇರಲಿಲ್ಲ. ಚಿಕ್ಕಮಾದು ನೆಲ ನೋಡುತ್ತಿದ್ದ. ತನ್ನ ಮಾತಿಗೆ ಅವರ ಮನಸ್ಸು ಕರಗಿತು ಎಂದುಕೊಂಡಳು ರೋಜಾ. ಮುಂದೆ ಓದಿದಳು. ಹೂವಿನಷ್ಟು ಹಗುರ ಎಂಬಲ್ಲಿಗೆ ಮುಗಿಯಿತು.

"ಚಂದಾಗದ ಕಣವ್ವ" ಎಂದ ಚಿಕ್ಕಮಾದು. ಎದ್ದು ಹೊರಗೆ ಹೋದ.

ಹಬ್ಬಕ್ಕೆ ಹತ್ತು ದಿನ ಇರುವಾಗ ಅರ್ಜಿಗೆ ಉತ್ತರ ಬಂತು. ಪಂಚಾಯ್ತಿ ಆಫೀಸಿನಲ್ಲಿ ಶಾಂತಿ ಸಭೆ. ತಾಲೂಕಿನಿಂದ ಒಬ್ಬ ಅಧಿಕಾರಿ ಬಂದರು. ಮೇಲ್ಬೀದಿಯ ಯಜಮಾನ ನಂಜೇಶ್ ಅಧಿಕಾರಿಯ ಪಕ್ಕದ ಕುರ್ಚಿಯಲ್ಲಿ ಕೂತ. ಗೊಬ್ಬರದ ಅಂಗಡಿ ಇಟ್ಟವನು, ಎಂಟು ಜನರಲ್ಲಿ ಅವನೂ ಒಬ್ಬ, ಆರನೆಯವನು. ಕೇರಿಯವರು ಗೋಡೆಗೆ ಒರಗಿ ನಿಂತರು.

ಮಾದೇಶ್ ಅಪ್ಪನ ಎಕ್ಸ್‌ರೇ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. "ನೋಡಿ ಸಾ. ಎರಡ್ ಮೂಳೆ. ತುಳ್ದು ಮುರ್ದಿರದು."

ಅಧಿಕಾರಿ ನೋಡಿದರು. "ಇದರಲ್ಲಿ ಯಾರ ಕಾಲು ಅಂತ ಬರೆದಿದೆಯೇನಪ್ಪಾ?"

ಮೇಲ್ಬೀದಿಯವರು ನಕ್ಕರು. ನಂಜೇಶ್ ನಗಲಿಲ್ಲ. ಅವನು ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ. ಯಾವುದೋ ಸಮಾರಂಭದಲ್ಲಿ ಅವನಿಗೆ ಹಾರದ ಜೊತೆ ಕೊಟ್ಟದ್ದಂತೆ.

"ಸಾರ್, ಬಲವಂತ ಅನ್ನೋ ಮಾತೇ ನಮ್ಮೂರಲ್ಲಿಲ್ಲ. ಇದು ಭಕ್ತಿ. ನಾನು ಹೇಳಿದ್ರೆ ನಂಬಬ್ಯಾಡಿ. ಅವರ ಮನೆ ಹೆಣ್ಮಗಳೇ ಬರ್ದವ್ಳೆ. ಪ್ರಿಂಟಾಗದೆ. ಓದ್ತೀನಿ ಕೇಳಿ." ಮಡಚಿ ಗುರುತು ಇಟ್ಟಿದ್ದ ಪುಟ ತೆರೆದು ನಿಧಾನವಾಗಿ ಓದಿದ. "'ಎಂಟನೆಯ ಪಾದ ಹೂವಿನಷ್ಟು ಹಗುರವಾಗಿತ್ತು. ಅವನು ಕಣ್ಣು ಮುಚ್ಚಿದ. ಇಷ್ಟು ವರ್ಷ ಅವನು ಕಾದದ್ದು ಇದಕ್ಕೇ.'"

ಕೇರಿಯವರೆಲ್ಲ ತಿರುಗಿ ರೋಜಾಳನ್ನು ನೋಡಿದರು.

ಅಧಿಕಾರಿ ಪುಸ್ತಕ ತಿರುಗಿಸಿ ಫೋಟೋ ನೋಡಿದರು. "ಇದು ನೀವೇ ಅಲ್ವಾಮ್ಮ?"

"ಊ ಸಾ."

"ನೀವೇ ಬರೆದದ್ದಾ?"

"ಊ ಸಾ. ಆದ್ರೆ ಅದು ಕಥೆ ಸಾ."

"ಕಥೆ ಅಂದರೆ ಸುಳ್ಳಾ?"

"ಅಲ್ಲ ಸಾ. ಅದ್ಕೂ ಮುಂಚಿನ ಪುಟ ಓದಿ ಸಾ. ನಮ್ಮಜ್ಜಿ ಏಳಿದ್ ಕಥೆ ಅದೆ. ನೀರಗಂಟಿನ ಎಂಗೆ ಸಾಯ್ಸಿದ್ರು ಅಂತ. ಅದು ದಿಟ. ಈ ಮೂರು ವಾಕ್ಯ ಮಾತ್ರ..."

"ಕೇಳುದ್ರೇನ್ರಪ್ಪಾ?" ಎಂದ ನಂಜೇಶ್. "ಇಡೀ ಕಥೇಲಿ ಮೂರು ಗೆರೆ ಮಾತ್ರ ಸುಳ್ಳಂತೆ. ಅದೂ ನಮಗೆ ಬೇಕಾದ ಮೂರೇ."

ಈ ಸಲ ಎಲ್ಲರೂ ನಕ್ಕರು. ಕೇರಿಯವರಲ್ಲೂ ಒಬ್ಬಿಬ್ಬರು ನಕ್ಕರು.

"ಅಜ್ಜಿ ಹೇಳಿದ್ದಕ್ಕೆ ದಾಖಲೆ ಏನಾದರೂ?" ಅಧಿಕಾರಿ ಕೇಳಿದರು.

ಅಜ್ಜಿ ಸತ್ತು ಇಪ್ಪತ್ತು ವರ್ಷವಾಗಿತ್ತು. ಅಧಿಕಾರಿ ಬರೆದುಕೊಂಡರು. ಸದರಿ ಆಚರಣೆಯು ಸ್ವಇಚ್ಛೆಯಿಂದ ನಡೆದುಕೊಂಡು ಬಂದಿರುತ್ತದೆ. ಬಲವಂತ ಕಂಡುಬಂದಿರುವುದಿಲ್ಲ. ಅರ್ಜಿ ಮುಕ್ತಾಯ. ಅರ್ಜಿಯನ್ನೂ ಅವಳೇ ಬರೆದಿದ್ದಳು. ಕಥೆಯನ್ನೂ ಅವಳೇ ಬರೆದಿದ್ದಳು. ಕಥೆ ಅರ್ಜಿಯನ್ನು ತಿಂದುಹಾಕಿತು.

ಹೊರಗೆ ಬಂದ ಮೇಲೆ ಮಾದೇಶ್ ಬೈಯುತ್ತಾನೆ ಎಂದು ಕಾದಳು. ಬೈಯಲಿಲ್ಲ. "ಅಕ್ಕಾ, ಯಾಕಂಗ್ ಬರ್ದೆ?" ಎಂದ. ಬಸ್ಸಿಗೆ ಹೊತ್ತಾಗಿತ್ತು ಕಣೋ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಮಾದೇಶ್ ಆಗಲೂ ಬಗ್ಗಲಿಲ್ಲ. ಮಾರನೆಯ ದಿನ ಕೆಳಗಲ ಕೇರಿಯ ನಲ್ಲಿ ನಿಂತಿತು. ಮೋಟರು ಕೆಟ್ಟಿದೆ ಎಂದರು. ಮೇಲ್ಬೀದಿಯಲ್ಲಿ ನೀರು ಬರುತ್ತಿತ್ತು. ಹೆಂಗಸರು ಕೊಡ ಹಿಡಿದು ಗದ್ದೆಯ ಪಂಪ್‌ಸೆಟ್ಟಿಗೆ ಹೋದರು. "ಕೆರೆ ಕುಡ್ದೋರ್ಗೆ ಇನ್ನೂ ನೀರ್ ಬೇಕಾ?" ಎಂದು ಕೇಳಿ ಓಡಿಸಿದರು. ಮೂರು ದಿನಕ್ಕೆ ಕೂಸುಗಳಿಗೆ ವಾಂತಿ ಶುರುವಾಯಿತು. ನಾಲ್ಕನೆಯ ದಿನ ಕೇರಿಯ ನಾಲ್ಕು ಜನ ಹಿರಿಯರು ಬಂದು ಚಿಕ್ಕಮಾದುವಿನ ಜಗಲಿಯಲ್ಲಿ ಕೂತರು. ಸುಮ್ಮನೆ ಕೂತೇ ಇದ್ದರು.

"ನಾನೇ ಮನಿಕ್ಕೊಳ್ತೀನಿ ಓಗ್ರಪ್ಪ" ಎಂದ ಚಿಕ್ಕಮಾದು.

ಮಾದೇಶ್ ಕಿರುಚಿದ. "ಸತ್ತೋಯ್ತೀಯ ಅಪ್ಪ!"

"ನಿಂಗೆರಡ್ ಕೂಸವೆ. ನಂದು ಮುರ್ದಿರ ಪಕ್ಕೆ. ಮುರ್ದಿರದ್ ಇನ್ನೇನ್ ಮುರ್ದದು?"

ಮೋಟರು ಸಂಜೆಯೇ ರಿಪೇರಿಯಾಯಿತು.

ಹಬ್ಬದ ಹಿಂದಿನ ಸಂಜೆ ರೋಜಾ ಬಂದಳು. ಚಿಕ್ಕಮಾದು ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಉಸಿರು ಎಳೆದಾಗ ಪಕ್ಕೆಯಲ್ಲಿ ಕೊಳವೆಯ ಸದ್ದು. ಅವಳು ಅವನ ಪಕ್ಕದಲ್ಲಿ ಕೂತಳು.

"ಅಪ್ಪ. ಕಾಲ್ ಬಿದ್ದಾಗ ಎಂಗಾಯ್ತದ?"

ಅವನ ಕೈ ನಿಂತಿತು. "ನೀನೇ ಬರ್ದಿದ್ದೀಯಲ್ಲವ್ವ. ಊವಿನಂಗೆ ಅಂತ." ಚುಚ್ಚಲು ಹೇಳಿದ್ದಲ್ಲ. ಅವನಿಗೆ ಚುಚ್ಚಲು ಬರುತ್ತಿರಲಿಲ್ಲ.

"ಸುಳ್ಳು ಬರ್ದೆ. ಈಗ ಕೇಳ್ತಾ ಇವ್ನಿ. ದಿಟ ಏಳು."

ಅವನು ಹಗ್ಗ ನೋಡುತ್ತ ಹೇಳಿದ. "ಮೊದುಲ್ನೇದು ಗೊತ್ತಾಯ್ತದ. ಬೆನ್ನಿಗೆ ಕಲ್ಲು ಒತ್ತದ. ಎರಡು, ಮೂರು, ನಾಕು, ಅಲ್ಲೀಗಂಟ ಅಲ್ಲು ಕಚ್ಚಿ ತಡ್ಕಬೋದು. ಬಾಯ್ತುಂಬ ನೀರಿರ್ತದಲ್ಲ, ಕಿರ್ಚಕಾಗಕಿಲ್ಲ. ಅದ್ಕೇ ಬಾಯಿಗೆ ನೀರ್ ತುಂಬ್ಸದು. ಐದ್ನೇ ಕಾಲ್ ಬಿದ್ದಾಗ ಉಚ್ಚೆ ಓಗ್ಬುಡ್ತದ."

ರೋಜಾ ಅವನ ಮುಖ ನೋಡಿದಳು.

"ನಂಗ್ ಮಾತ್ರ ಅಲ್ಲ. ನಮ್ಮಪ್ಪಂಗೂ ಓಗದು. ಅವರಪ್ಪಂಗೂ ಓಗದಂತೆ. ಅದ್ಕೇ ಕರೀ ಪಂಚೆ. ಅದ್ಕೇ ನಿಮ್ಮವ್ವ ಮೊದ್ಲೇ ಒಂದ್ ಬಿಂದ್ಗೆ ಉಯ್ಯದು. ಮೊದ್ಲೇ ಒದ್ದೆಯಾಗಿದ್ರೆ ಗೊತ್ತಾಗಕಿಲ್ಲ ನೋಡು."

ಒಳಗೆ ಮಹದೇವಮ್ಮ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು.

ಎಂಥಾ ಪ್ರತಿಮೆ ರೋಜಾ ಅವರೇ.

ದಿನಕ್ಕೆ ಒಂಬತ್ತು ಗಂಟೆ ಕಲೆ ಹುಡುಕುವವಳು ಅವಳು. ಬೇರೆ ದೇಶದವರು ಉಡುವ ಅಂಗಿಯ ಮೇಲೆ ಸಾಸಿವೆ ಕಾಳಿನಷ್ಟು ಕಲೆ ಇದ್ದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಇದು ಬಿದ್ದಿರಲಿಲ್ಲ. ಅಪ್ಪ ಅಡಗಿಸಿದ್ದ. ಅವ್ವ ಅಡಗಿಸಿದ್ದಳು. ಅದನ್ನು ಅವಳು ಮಡಿ ಎಂದು ಬರೆದಿದ್ದಳು. ಚೆಂದ ಮಾಡಿ ಬರೆದಿದ್ದಳು. ಅವರ ಎದುರಿಗೇ ಕೂತು ಓದಿದ್ದಳು.

"ಅಳ್ಬ್ಯಾಡ ಬುಡವ್ವ. ನಿಂಗೇನ್ ಗೊತ್ತಿತ್ತು?" ಎಂದ ಚಿಕ್ಕಮಾದು. ಹಗ್ಗ ಹೊಸೆಯತೊಡಗಿದ.

ಬೆಳಿಗ್ಗೆ ಮಹದೇವಮ್ಮ ಕರಿ ಪಂಚೆ ತಂದಳು. ಬಿಂದಿಗೆ ತುಂಬಿ ಬಾಗಿಲಲ್ಲಿ ಇಟ್ಟಿದ್ದಳು.

"ಬಿಳೀದ್ ಕೊಡು" ಎಂದ ಚಿಕ್ಕಮಾದು.

"ಯಾವ್ದು?"

"ಮದ್ವೆಗೆ ಉಡದು."

ಅವನು ಮದುವೆ ಮುಂಜಿಗೆ ಉಡುವ ಒಂದೇ ಒಂದು ಬಿಳಿ ಪಂಚೆ ಪೆಟ್ಟಿಗೆಯಲ್ಲಿತ್ತು. ಮಹದೇವಮ್ಮ ಅವನ ಮುಖ ನೋಡಿದಳು. "ನೀರು?"

"ಬ್ಯಾಡ."

"ಏನಂದ್ಯಾ? ಮಾನ ಓಯ್ತದ."

"ಯಾರ್ದು?" ಎಂದ ಚಿಕ್ಕಮಾದು.

ಮಹದೇವಮ್ಮ ಪೆಟ್ಟಿಗೆ ತೆಗೆದು ಬಿಳಿ ಪಂಚೆ ಕೊಟ್ಟಳು. ಬಿಂದಿಗೆಯನ್ನು ಒಳಗಿಟ್ಟಳು.

ಏರಿಯ ಮೇಲೆ ಊರೇ ನಿಂತಿತ್ತು. ಕೇರಿಯ ಹೆಂಗಸರಿಗೆ ಹಗ್ಗದ ಆಚೆ ಜಾಗ. ತಮಟೆ ಬಡಿಯುತ್ತಿದ್ದವರೂ ಕೇರಿಯವರೇ, ನಾಲ್ಕು ಜನ. ಮಸಿ ಬಳಿದ ಮೈಯ ನಡುವೆ ಬಿಳಿ ಪಂಚೆ ದೂರಕ್ಕೇ ಕಾಣುತ್ತಿತ್ತು. "ಇದೇನ್ಲಾ ಚಿಕ್ಕಮಾದ, ಮದಲಿಂಗ ಬಂದಂಗ್ ಬಂದಿದ್ದೀ?" ಎಂದು ಯಾರೋ ಕೂಗಿದರು. ಚಿಕ್ಕಮಾದು ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಬಾಯಿ ತುಂಬಿಕೊಂಡ. ಮಲಗಿದ. ನೆಲ ಒಣಗಿತ್ತು. ಅವನೂ ಒಣಗಿದ್ದ.

ಒಂದು. ಮೈ ಬಿಲ್ಲಿನ ಹಾಗೆ ಬಾಗಿ ಮತ್ತೆ ನೆಲಕ್ಕೆ ಬಿತ್ತು.

ಎರಡು. ಮೂರು.

ನಾಲ್ಕನೆಯವನು ದಪ್ಪ ಆಳು. ಊರಿ ನಿಂತು, ನಕ್ಕು, ದಾಟಿದ. ಚಿಕ್ಕಮಾದುವಿನ ಕಣ್ಣು ಮೇಲಕ್ಕೆ ಹೋದವು. ಬಾಯಿ ಬಿಗಿದೇ ಇತ್ತು.

ಐದು.

ಬಿಳಿ ಪಂಚೆಯ ಮೇಲೆ ಕಲೆ ಮೂಡಿತು. ಮೊದಲು ಅಂಗೈಯಷ್ಟು. ಆಮೇಲೆ ಮೊರದಷ್ಟು. ತೊಡೆಯ ಸಂದಿನಿಂದ ಇಳಿದು ಒಣ ಮಣ್ಣಿನ ಮೇಲೆ ಕರ್ರಗೆ ಹರಿಯಿತು. ತೂಬಿನ ಕಡೆಗೇ ಹರಿಯಿತು. ಯಾರೂ ಕೆರೆ ಬಂತು ಎನ್ನಲಿಲ್ಲ. ಒಂದು ತಮಟೆ ನಿಂತಿತು. ಮತ್ತೊಂದು ನಿಂತಿತು. ನಾಲ್ಕೂ ನಿಂತವು.

ಆರನೆಯವನು ನಂಜೇಶ್. ಎತ್ತಿದ ಕಾಲು ಎತ್ತಿದ ಹಾಗೇ ಇತ್ತು. ಮುಖ ಕಿವುಚಿತು.

"ಏನ್ಲಾ ಇದು ಅಸಯ್ಯ! ನೀರ್ ಉಯ್ಕೊಂಡ್ ಬರಕ್ಕೆ ಏನಾಗಿತ್ಲಾ ನಿಂಗೆ?"

ಆಗ ರೋಜಾಗೆ ಗೊತ್ತಾಯಿತು. ಅವರಿಗೂ ಗೊತ್ತಿತ್ತು. ಬಿಂದಿಗೆ ಯಾತಕ್ಕೆ ಎಂದು ಏರಿಯ ಮೇಲೆ ನಿಂತ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವಳು, ಅದನ್ನು ಬರೆದವಳೊಬ್ಬಳೇ.

"ನಿಲ್ಸ್ರೋ!" ಎಂದು ಕೂಗಿದಳು. ಹಗ್ಗ ದಾಟಿದಳು. ಇಬ್ಬರು ಅವಳ ತೋಳು ಹಿಡಿದರು. ಅತ್ತ ಮಾದೇಶನನ್ನು ನಾಲ್ಕು ಜನ ಹಿಡಿದಿದ್ದರು.

"ಅದ್ರ ಮ್ಯಾಲ್ ಯಾಕಣ್ಣ ಇಡ್ತೀಯ, ಎದೆ ಮ್ಯಾಲ್ ಇಟ್ ದಾಟು. ತಡ ಆಯ್ತದ" ಎಂದ ಹಿಂದೆ ನಿಂತಿದ್ದ ಏಳನೆಯವನು.

ನಂಜೇಶ್ ಎದೆಯ ಮೇಲೆ ಇಟ್ಟ. ಬಲಗಡೆ. ಮುರಿದ ಕಡೆ.

ಏಳನೆಯವನೂ ಅಲ್ಲೇ ಇಟ್ಟ. ಎಂಟನೆಯವನೂ ಅಲ್ಲೇ. ತಮಟೆ ಇಲ್ಲದೆ, ಸದ್ದಿಲ್ಲದೆ, ಕೆಲಸ ಮುಗಿಸುವವರ ಹಾಗೆ. ಚಿಕ್ಕಮಾದುವಿನ ಬಾಯಿ ತಾನಾಗಿ ತೆರೆಯಿತು. ನೀರು ಬಂತು. ಕೆಂಪಗೆ ಬಂತು. ಮೇಲ್ಬೀದಿಯ ಹತ್ತಾರು ಜನ ಕೂಗಿದರು, ಕೆರೆ ಬಂತೋ. ತೂಬು ಎತ್ತಿದರು. ನಂಜೇಶ್ ಕೆರೆಗೆ ಇಳಿದು ಕಾಲು ತೊಳೆದುಕೊಳ್ಳುತ್ತಿದ್ದ.

ಮಾದೇಶ್ ಗೂಡ್ಸ್ ಆಟೋದಲ್ಲಿ ಚಾಪೆ ಹಾಸಿ ಅಪ್ಪನನ್ನು ಮಲಗಿಸಿದ. ನರಸೀಪುರದ ಒಂದು ನರ್ಸಿಂಗ್ ಹೋಮಿನ ತನಕ ಚಿಕ್ಕಮಾದುವಿನ ತಲೆ ರೋಜಾಳ ತೊಡೆಯ ಮೇಲಿತ್ತು. ಪ್ರತಿ ಹಳ್ಳಕ್ಕೂ ಅವನ ಬಾಯಿಂದ ಒಂದು ಗುಟುಕು ಕೆಂಪು. ಅವನು ಒಂದೇ ಒಂದು ಮಾತಾಡಿದ. "ಮೇಲ್ಬೀದಿ ಬುದ್ದಿಯೋರು ನೋಡುದ್ರಾ?"

"ನೋಡುದ್ರು ಅಪ್ಪ. ಎಲ್ಲಾರೂ ನೋಡುದ್ರು."

ಅವನನ್ನು ಒಳಗೆ ಕರೆದುಕೊಂಡು ಹೋದರು. ಪಂಚೆ ಬಿಚ್ಚಿ ಅವಳ ಕೈಗೆ ಕೊಟ್ಟರು. ಬೆಂಚಿನ ಮೇಲೆ ಕೂತು ಅದನ್ನು ಮಡಚಿ ಚೀಲಕ್ಕೆ ಹಾಕಲು ಹೋದಳು. ಚೀಲದಲ್ಲಿ ಪುಸ್ತಕವಿತ್ತು. ಫ್ಯಾಕ್ಟರಿಯ ಬಾಣದ ಸ್ಟಿಕ್ಕರಿನ ಸುರುಳಿಯೂ ಇತ್ತು. ಕೊನೆಯ ಪುಟ ತೆರೆದಳು. ಹೂವಿನಷ್ಟು ಎಂಬಲ್ಲಿ ಒಂದು ಬಾಣ ಅಂಟಿಸಿದಳು. ಬಿಂದಿಗೆಯ ಪುಟ ಹುಡುಕಿ ಅಲ್ಲೊಂದು. ಬಾಣ ಬಿದ್ದ ಪೀಸು ಹಿಂದಕ್ಕೆ ಹೋಗಬೇಕು. ಇದು ಐನೂರು ಪೀಸು. ಎಲ್ಲೆಲ್ಲಿಗೋ ಹೋಗಿ ಮುಗಿದಿತ್ತು.

ನರ್ಸು ಒಂದು ಫಾರಂ ಹಿಡಿದು ಬಂದಳು. "ಏನಾಗಿದ್ದು? ಬಿದ್ದು ಪೆಟ್ಟಾಯ್ತು ಅಂತ ಬರ್ಕೊಳ್ಳಾ?"

ಮಾದೇಶ್ ಅಕ್ಕನ ಕಡೆ ನೋಡಿದ.

"ಬಿದ್ದಿಲ್ಲ" ಎಂದಳು ರೋಜಾ. "ತುಳುದ್ರು. ಎಂಟು ಜನ. ಎಸರು ಏಳ್ತೀನಿ, ಬರ್ಕಳಿ."

"ಅಯ್ಯೋ, ಅದೆಲ್ಲ ಪೋಲೀಸ್ ಕೇಸ್ ಆಗುತ್ತೆ ಕಣಮ್ಮ. ಡಾಕ್ಟ್ರು ಬೈತಾರೆ."

"ಬರ್ಕಳಿ."

ಅವಳು ಮೊದಲನೆಯ ಹೆಸರು ಹೇಳಿದಳು. ನರ್ಸು ಬರೆಯಲಿಲ್ಲ. ಎರಡನೆಯದು ಹೇಳಿದಳು. ಮೂರು, ನಾಲ್ಕು. ಐದನೆಯ ಹೆಸರಿಗೆ ಅವಳ ದನಿ ಒಡೆಯಿತು. ಕೆಮ್ಮಿ ಮತ್ತೆ ಹೇಳಿದಳು. ಆರು, ನಂಜೇಶ್. ಏಳು. ಎಂಟು. ಛತ್ರದ ಮೆಟ್ಟಿಲ ಮೇಲೆ ಹೊಡೆದು ಹಾಕಿಸಿಕೊಂಡು ಬಂದ ಎಂಟೂ ಹೆಸರನ್ನು, ಊರಿನ ಹೆಸರಿನ ಸಮೇತ, ಒಂದೂ ಬಿಡದೆ ಹೇಳಿದಳು.

ನರ್ಸಿನ ಪೆನ್ನು ಕಾಗದದ ಮೇಲೆ ಹಾಗೇ ನಿಂತಿತ್ತು.